ಕಾಫಿ ಕಣದಲ್ಲಿ ಕರು ಹಾಕಿದ ಹಸು

ಜೀಪಿನಿಂದ ಇಳಿದ ಮೇಸ್ತ್ರಿ ನನ್ನ ಮುಖ ನೋಡಲಿಲ್ಲ. ನನ್ನ ಬೆನ್ನ ಹಿಂದೆ ಇನ್ಯಾರಾದರೂ ಇದ್ದಾರೆಯೇ ಎಂದು ಕತ್ತು ಚಾಚಿ ನೋಡಿದರು.

"ಡಾಕ್ಟ್ರು ಇಲ್ವಾ?"

"ನಾನೇ ಡಾಕ್ಟ್ರು."

"ಅಲ್ಲ, ದೊಡ್ಡ ಡಾಕ್ಟ್ರು?"

"ಅವರು ಚಿಕ್ಕಮಗಳೂರಿಗೆ ಮೀಟಿಂಗಿಗೆ ಹೋಗಿದ್ದಾರೆ. ಇವತ್ತು ದೊಡ್ಡ ಡಾಕ್ಟ್ರೂ ನಾನೇ, ಸಣ್ಣ ಡಾಕ್ಟ್ರೂ ನಾನೇ. ಏನಾಗಿದೆ, ಅದು ಹೇಳಿ."

ಹಾಗೆ ಗಡಸಾಗಿ ಮಾತಾಡುವುದನ್ನು ನಾನು ಬೇಗ ಕಲಿತಿದ್ದೆ. ನಮ್ಮಪ್ಪ ಆಲ್ದೂರಿನ ಕಾಫಿ ವ್ಯಾಪಾರಿಯೊಬ್ಬರ ಗೋಡೌನಿನಲ್ಲಿ ಗೋಣಿಚೀಲ ಹೊಲಿಯುತ್ತಿದ್ದವರು. ನಮ್ಮ ಮನೆಯಲ್ಲಿ ಕಾಲೇಜಿನ ಗೇಟು ದಾಟಿದವಳು ನಾನೊಬ್ಬಳೇ. ಹಾಗಾಗಿ 'ನಾನೇ ಡಾಕ್ಟ್ರು' ಎಂದು ಹೇಳಲು ನನಗೆ ಎಂದೂ ಸಂಕೋಚವಾಗಿಲ್ಲ, ಬೇಸರವೂ ಬಂದಿಲ್ಲ.

ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ಮೂಡಿಗೆರೆ ಕಡೆಯ ಪಶು ಆಸ್ಪತ್ರೆಗೆ ನಾನು ಬಂದು ಒಂದು ಮಳೆಗಾಲ ಕಳೆದಿತ್ತಷ್ಟೇ. ಅದು ಜನವರಿ, ಕಾಫಿ ಕೊಯ್ಲಿನ ಭರಾಟೆ. ಆ ಬೆಳಗ್ಗೆ ಕಾಡುಹಂದಿಗೆ ಹಾಕಿದ ಉರುಳಿನಲ್ಲಿ ಕಾಲು ಸಿಕ್ಕಿಸಿಕೊಂಡಿದ್ದ ನಾಯಿಯೊಂದಕ್ಕೆ ಹೊಲಿಗೆ ಹಾಕಿ ಕೈ ತೊಳೆಯುತ್ತಿದ್ದೆ. ಆಗ ಬಂದದ್ದು ಈ ಜೀಪು.

ಮೇಸ್ತ್ರಿ ಹೇಳತೊಡಗಿದರು. ಕೊಟ್ಟಿಗೆಹಾರದ ದಾರಿಯಲ್ಲಿ ಅವರ ಎಸ್ಟೇಟು. ಅಲ್ಲಿ ಕಾಫಿ ಕೊಯ್ಯುವ ಹೆಂಗಸೊಬ್ಬರ ಹಸು. ದಿನ ತುಂಬಿದೆ, ನಿನ್ನೆ ಸಂಜೆಯಿಂದ ಒದ್ದಾಡುತ್ತಿದೆ. ಹೊಟ್ಟೆಗೆ ಹಿಂಗಾಲಲ್ಲಿ ಒದ್ದುಕೊಳ್ಳುತ್ತದೆ, ಮಲಗುತ್ತದೆ, ಏಳುತ್ತದೆ.

"ನೀರಿನ ಚೀಲ ಕಾಣಿಸ್ತಾ?"

"ಎಂತದೂ ಇಲ್ಲ. ಮುಕ್ಕರಿಯುತ್ತೆ, ಆಮೇಲೆ ಸುಮ್ನಾಗುತ್ತೆ. ಬೆಳಗ್ಗೆಯಿಂದ ಎಸ್ಟೇಟ್ ರೋಡಲ್ಲಿ ಮೇಲೆ ಕೆಳಗೆ ನಡೆಸಿದ್ವಿ, ಕರು ಇಳೀಲಿ ಅಂತ. ನಡೆಸಿ ನಡೆಸಿ ನಮಗೇ ಸುಸ್ತಾಯ್ತು."

ನೋವು ಬಂದಿದೆ, ನೀರು ಒಡೆದಿಲ್ಲ, ದಾರಿ ತೆರೆದಿಲ್ಲ. ಕೇಳುತ್ತಿದ್ದಂತೆ ನನ್ನ ಮನಸ್ಸು ಒಂದು ಕಡೆಗೇ ಹೋಯಿತು. ಕರು ಎಳೆಯುವ ಹಗ್ಗ, ಕೊಕ್ಕೆ, ಜಾರಲಿಕ್ಕೆ ಸುರಿಯುವ ಪ್ಯಾರಾಫಿನ್ ಎಣ್ಣೆ, ಸಲೈನು, ಕ್ಯಾಲ್ಸಿಯಂ ಬಾಟಲಿಗಳನ್ನು ಚೀಲಕ್ಕೆ ತುಂಬಿಸಿದೆ. ಹೊಟ್ಟೆ ಸೀಳಿ ಕರು ತೆಗೆಯಬೇಕಾದರೆ ಇರಲಿ ಎಂದು ಆಪರೇಷನ್ನಿನ ಸಾಮಾನುಗಳನ್ನೂ ಕುದಿಸಿ ಡಬ್ಬಿಯಲ್ಲಿ ಹಾಕಿಕೊಂಡೆ. ಮೊದಲ ಸಂಬಳದಲ್ಲಿ ಕೊಂಡ ಗಂಬೂಟು ಹಾಕಿಕೊಂಡೆ. ಅವನ್ನು ಹಾಕಿದಾಗ ನಾನು ಒಂದಿಷ್ಟು ಎತ್ತರವಾಗಿ ಕಾಣುತ್ತೇನೆ ಎಂಬುದು ನನ್ನ ನಂಬಿಕೆ.

ನಮ್ಮ ಕಾಂಪೌಂಡರಿಗೆ ನಿವೃತ್ತಿ ಹತ್ತಿರವಿತ್ತು. ಮಂಡಿ ಹಿಡಿದುಕೊಂಡು ಜೀಪು ಹತ್ತುತ್ತಾ, "ಮೇಡಂ, ನೀವು ಗಂಬೂಟು ಹಾಕಿದ್ರೆ ಹಸುಗೆ ಅರ್ಧ ಹುಷಾರಾಗುತ್ತೆ. ಇನ್ನರ್ಧ ನೋಡ್ಕೊಂಡ್ರೆ ಆಯ್ತು" ಎಂದರು.

ಲೈನ್ ಮನೆಗಳಿದ್ದದ್ದು ಒಂದು ಇಳಿಜಾರಿನ ನಡುವೆ. ಕೆಲಸದವರಿಗೆಂದು ಕಟ್ಟಿದ ಸಾಲುಮನೆಗಳು, ಅವುಗಳ ಹಿಂದೆ ಗುಡ್ಡ ಕಡಿದು ಮಾಡಿದ ಸಣ್ಣ ಕೊಟ್ಟಿಗೆಗಳು. ಹಸು ಜರ್ಸಿ ಮಿಶ್ರತಳಿ, ಕಂದು ಬಣ್ಣ, ಚೊಚ್ಚಲು. ಕಿವಿ ತಣ್ಣಗಿತ್ತು. ಕಣ್ಣು ಮಾತ್ರ ಇನ್ನೂ ಬತ್ತಿರಲಿಲ್ಲ. ಅದರ ಒಡತಿ ಐವತ್ತು ದಾಟಿದ ಗಟ್ಟಿ ಹೆಂಗಸು. ಕೊಯ್ಲಿನ ಚೀಲ ಇನ್ನೂ ಸೊಂಟದಲ್ಲೇ ಇತ್ತು, ಬಿಚ್ಚಲು ಮರೆತಿದ್ದರು.

"ಇದು ಬಂಗ್ಲೆ ಕೊಟ್ಟಿಗೇಲಿ ಹುಟ್ಟಿದ್ದು ಡಾಕ್ಟ್ರಮ್ಮ. ಬದುಕಲ್ಲ ಅಂತ ಬಿಟ್ಟಿದ್ರು. ನಾನು ಗಂಜಿ ನೆಕ್ಕಿಸಿ ನೆಕ್ಕಿಸಿ ಎಬ್ಬಿಸ್ದೆ. ಮಗಳು ಬಾಣಂತನಕ್ಕೆ ಬರ್ತಾಳೆ. ಆ ಹೊತ್ತಿಗೆ ಮನೇಲಿ ಹಾಲಿರುತ್ತೆ, ಯಾರ ಮನೆ ಬಾಗ್ಲಿಗೂ ಲೋಟ ಹಿಡ್ಕೊಂಡು ಹೋಗೋದು ಬೇಡ ಅಂದ್ಕೊಂಡಿದ್ದೆ."

ಇಷ್ಟು ಹೇಳಿ ಅವರು ಹಸುವಿನ ಕುತ್ತಿಗೆ ಹಿಡಿದು ನಿಂತರು.

ಕೈಗೆ ಸೋಪು ಹಚ್ಚಿಕೊಂಡು ಒಳಗೆ ಹಾಕಿದೆ. ದಿನ ತುಂಬಿ ನೋವು ಬಂದ ಹಸುವಿನಲ್ಲಿ ಕೈ ಸರಾಗವಾಗಿ ಮುಂದೆ ಹೋಗಿ ಕರುವಿನ ಗೊರಸಿಗೋ ಮೂತಿಗೋ ತಾಗಬೇಕು. ಇಲ್ಲಿ ಸ್ವಲ್ಪ ಮುಂದೆ ಹೋಗುವುದರೊಳಗೆ ದಾರಿ ಕಿರಿದಾಯಿತು. ಒಳಗೋಡೆಯ ತುಂಬ ಮಡಿಕೆಗಳು, ಒದ್ದೆ ಬಟ್ಟೆ ಹಿಂಡುವಾಗ ಬೀಳುತ್ತವಲ್ಲ, ಅಂಥವು. ಅವುಗಳ ಜಾಡಿನಲ್ಲೇ ಬೆರಳು ಸರಿಸಿದರೆ ಕೈ ತಾನಾಗಿ ಬಲಕ್ಕೆ ತಿರುಗುತ್ತಿತ್ತು. ಕೈ ಸಣ್ಣದಾದದ್ದು ಆ ಹೊತ್ತಿಗೆ ಉಪಯೋಗಕ್ಕೆ ಬಂತು. ಬೆರಳುಗಳನ್ನು ಕೂಡಿಸಿ ಇನ್ನಷ್ಟು ತೂರಿಸಿದೆ. ಬೆರಳ ತುದಿಗೆ ಒಂದು ಗೊರಸು ಸಿಕ್ಕಿತು. ಹಿಸುಕಿದೆ. ಅದು ಮೆಲ್ಲಗೆ ಹಿಂದಕ್ಕೆ ಎಳೆದುಕೊಂಡಿತು.

"ಕರುಗೆ ಜೀವ ಇದೆ" ಎಂದೆ.

ಒಡತಿ ಉಸಿರು ಬಿಟ್ಟದ್ದು ನನಗೆ ಕೇಳಿಸಿತು.

ಗರ್ಭಕೋಶ ಕರುವಿನ ಸಮೇತ ಬಲಕ್ಕೆ ಮಗುಚಿಕೊಂಡಿತ್ತು. ಇದನ್ನು ಸುತ್ತ ನಿಂತವರಿಗೆ ತಿಳಿಸಲು ನಾನು ಅಪ್ಪನ ಕಸುಬಿನ ಸಾಮಾನನ್ನೇ ಹಿಡಿದೆ. ಅಲ್ಲಿ ಬಿದ್ದಿದ್ದ ಅರ್ಧ ತುಂಬಿದ ಗೋಣಿಚೀಲವೊಂದರ ಬಾಯಿಯನ್ನು ಮುಷ್ಟಿಯಲ್ಲಿ ಹಿಡಿದು ತಿರುಚಿದೆ.

"ಒಳಗಿರೋ ಕರು ಈ ಚೀಲದಲ್ಲಿದೆ. ಬಾಯಿ ಹೀಗೆ ತಿರುಚ್ಕೊಂಡಿದೆ. ಎಳೆದ್ರೆ ಬರಲ್ಲ, ಇನ್ನೂ ಬಿಗಿಯಾಗುತ್ತೆ. ರಕ್ತ ಓಡಾಡೋದು ನಿಲ್ಲುತ್ತೆ. ಮೊದಲು ಕರು ಹೋಗುತ್ತೆ, ಆಮೇಲೆ ಹಸು."

"ಮತ್ತೆ ಎಂತ ಮಾಡದು?" ಎಂದರು ಮೇಸ್ತ್ರಿ.

"ಚೀಲ ಅಲ್ಲಾಡದ ಹಾಗೆ ಒತ್ತಿ ಹಿಡಿದು, ಬಾಯಿ ಕಡೆಯನ್ನ ತಿರುಗಿಸಬೇಕು. ಅಂದ್ರೆ ಹೊಟ್ಟೆ ಮೇಲೆ ಹಲಗೆ ಇಟ್ಟು ಒಳಗಿನ ಕರುವನ್ನ ಒತ್ತಿ ಹಿಡೀಬೇಕು, ಹಸೂನ ಅದರ ಸುತ್ತ ಉರುಳಿಸ್ಬೇಕು."

ಹೊಟ್ಟೆ ಸೀಳುವುದು ಇನ್ನೊಂದು ದಾರಿ. ಆದರೆ ತಿರುಚಿ ಬಾತುಕೊಂಡ ಗರ್ಭಕೋಶಕ್ಕೆ ಚಾಕು ಹಾಕಿದರೆ ಹೊಲಿಗೆ ಕಚ್ಚಿ ನಿಲ್ಲುವುದು ಕಷ್ಟ. ಉರುಳಿಸಿ ನೋಡಿ, ಆಗದಿದ್ದರೆ ಮಾತ್ರ ಚಾಕು ಎಂದು ನಿರ್ಧರಿಸಿದೆ.

ಕೊಟ್ಟಿಗೆಯ ಮುಂದಿನ ಅಂಗಳದಲ್ಲಿ ಹಸುವನ್ನು ಮಲಗಿಸಿ ಶುರು ಮಾಡಿದೆವು. ಮಲೆನಾಡಿನ ಅಂಗಳ ಕಣ್ಣಿಗೆ ಮಟ್ಟಸವಾಗಿ ಕಾಣುತ್ತದೆ, ಅಷ್ಟೇ. ಕಾಲು ಎತ್ತುತ್ತಿದ್ದಂತೆ ಹಸು ಉರುಳುವ ಬದಲು ಇಳಿಜಾರಿಗೆ ಜಾರಿತು. ಹಲಗೆ ಒಂದು ಕಡೆ, ಹಸು ಒಂದು ಕಡೆ. ತಡೆಗೋಡೆಯ ಆಚೆ ಆಳದ ಕಾಫಿ ತೋಟ. ಮೇಸ್ತ್ರಿ ಕೊಂಬು ಹಿಡಿದು ತಡೆಯದಿದ್ದರೆ ಹಸು ಅಲ್ಲಿಗೇ ಹೋಗಿರುತ್ತಿತ್ತು.

"ಮಟ್ಟಸ ಜಾಗ ಬೇಕು" ಎಂದೆ. "ಹಸು ಎರಡು ಸಲ ಹೊರಳುವಷ್ಟು ಅಗಲ."

ಗದ್ದೆ ಹಳ್ಳದ ಆಚೆ ಇತ್ತು, ಅಲ್ಲಿಗೆ ಮರದ ಕಾಲುಸಂಕ ದಾಟಬೇಕು. ರಸ್ತೆಯ ತುಂಬ ಚೂಪು ಜಲ್ಲಿ. ಮೇಲೆ, ಲೈನಿನಿಂದ ಸ್ವಲ್ಪವೇ ದೂರದಲ್ಲಿ, ಬಿಸಿಲಿಗೆ ಹೊಳೆಯುತ್ತಾ ಒಂದು ಜಾಗವಿತ್ತು. ಎಲ್ಲರಿಗೂ ಕಾಣುತ್ತಿತ್ತು. ಯಾರೂ ಅತ್ತ ನೋಡುತ್ತಿರಲಿಲ್ಲ.

ಅದು ಕಾಫಿ ಕಣ. ಸಿಮೆಂಟು ಮಾಡಿದ ವಿಶಾಲವಾದ ಕಣ, ಸುತ್ತ ಗೇಣೆತ್ತರದ ಕಟ್ಟೆ. ಕಣದ ತುಂಬ ಪಾರ್ಚ್‌ಮೆಂಟ್ ಹರಡಿತ್ತು, ಎಂದರೆ ಹಣ್ಣಿನ ಸಿಪ್ಪೆ ಬಿಡಿಸಿ ತೊಳೆದು ಒಣಗಲು ಹಾಕಿದ ಕಾಫಿ ಬೀಜ. ಕಟ್ಟೆಯ ಹೊರಗೆ ಚಪ್ಪಲಿಗಳ ಸಾಲು. ಆ ಎಸ್ಟೇಟಿನ ರೈಟರು, ಎಂದರೆ ಲೆಕ್ಕಪತ್ರ ಮತ್ತು ಕಣ ಎರಡನ್ನೂ ನೋಡಿಕೊಳ್ಳುವವರು, ಆ ಕಣಕ್ಕೆ ನಾಯಿ ಕೋಳಿ ಇರಲಿ, ಚಪ್ಪಲಿ ಕಾಲನ್ನೂ ಬಿಟ್ಟವರಲ್ಲ ಎಂದು ಮೇಸ್ತ್ರಿ ಅಲ್ಲಿಗೆ ಹತ್ತುವ ದಾರಿಯುದ್ದಕ್ಕೂ ಹೇಳಿದರು. ಧಣಿಗಳ ಮನೆಗೆ ಬಂದ ನೆಂಟರನ್ನೇ ಒಮ್ಮೆ ಹೊರಗೆ ಅಟ್ಟಿದ್ದರಂತೆ.

ರೈಟರು ದಪ್ಪನೆಯ ಆಳು. ಬಿಳಿ ಅಂಗಿ, ಮೊಣಕಾಲಿನವರೆಗೆ ಮಡಿಸಿದ ಪ್ಯಾಂಟು, ಬರಿಗಾಲು. ನಾನು ಕಟ್ಟೆ ಹತ್ತಲು ಕಾಲೆತ್ತಿದೆ.

"ಬೂಟು" ಎಂದರು.

"ನಾನು ಡಾಕ್ಟ್ರು."

"ಇರಬಹುದು ಮೇಡಂ. ಬೂಟು ಡಾಕ್ಟ್ರಲ್ವಲ್ಲ."

ಬಿಚ್ಚಿದೆ. ಕಣಕ್ಕೆ ಕಾಲಿಟ್ಟು ಬಂದ ಕಾರಣ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡರು, ನಡುವೆ ಬಾಯಿ ಹಾಕಲಿಲ್ಲ. ಆಮೇಲೆ, "ಆಗಲ್ಲ" ಎಂದರು.

"ಅರ್ಧ ಕಣ ಸಾಕು."

"ಅರ್ಧ ಅನ್ನೋದು ಇಲ್ಲ ಮೇಡಂ. ಪಾರ್ಚ್‌ಮೆಂಟು ಹಾಲಿನ ಹಾಗೆ. ಪಕ್ಕದಲ್ಲಿ ಎಂತ ಇಟ್ರೂ ಆ ವಾಸನೆ ಎಳ್ಕೊಳ್ಳುತ್ತೆ. ಇದಿನ್ನೂ ಅರ್ಧ ಒಣಗಿದೆ. ಈಗ ರಾಶಿ ಹಾಕಿದ್ರೆ ಬೆವರುತ್ತೆ. ಅದರ ಮೇಲೆ ಹಸು, ಸಗಣಿ, ರಕ್ತ. ಧಣಿ ಚಿಕ್ಕಮಗಳೂರಿಗೆ ಹೋಗಿದ್ದಾರೆ, ಮಧ್ಯಾಹ್ನ ಬರ್ತಾರೆ. ಬಂದು ಕೇಳಿದ್ರೆ ನಾನು ಎಂತ ಹೇಳ್ಲಿ?"

ಅವರು ಹೇಳಿದ್ದರಲ್ಲಿ ಒಂದು ಮಾತೂ ಸುಳ್ಳಲ್ಲ. ಅದು ನನಗೆ ಓದಿ ಗೊತ್ತಾದದ್ದಲ್ಲ. ಅಪ್ಪನಿಗೆ ಊಟದ ಬುತ್ತಿ ಒಯ್ದಾಗ ನೋಡಿದ್ದೇನೆ. ವ್ಯಾಪಾರಿ ಚೀಲದೊಳಗೆ ಬೊಗಸೆ ತೂರಿಸಿ, ಬೀಜ ಎತ್ತಿ, ಮೂಗಿಗೆ ಹಿಡಿಯುತ್ತಿದ್ದರು. ಮೂಗು ಸ್ವಲ್ಪ ಸಿಂಡರಿಸಿದರೆ ಆ ಚೀಲಗಳೆಲ್ಲ ಬಂದ ಲಾರಿಯಲ್ಲೇ ವಾಪಸ್ಸು. ಅಪ್ಪ ಕೂಡ ಚಪ್ಪಲಿ ಹೊರಗೆ ಬಿಟ್ಟೇ ಗೋಡೌನಿಗೆ ಹೋಗುತ್ತಿದ್ದರು.

"ನಂಗೆ ಗೊತ್ತು ರೈಟ್ರೇ. ನಾನು ಆಲ್ದೂರಲ್ಲಿ ಕಾಫಿ ಚೀಲ ಹೊಲಿಯೋರ ಮಗಳು. ಎಂತ ಕೇಳ್ತಿದೀನಿ ಅಂತ ಗೊತ್ತಿದ್ದೇ ಕೇಳ್ತಿದೀನಿ."

ಅವರು ನನ್ನನ್ನು ಒಮ್ಮೆ ಸರಿಯಾಗಿ ನೋಡಿದರು. ಆದರೂ ತಲೆ ಅಡ್ಡ ಆಡಿಸಿದರು.

ಅಷ್ಟರಲ್ಲಿ ಹಸುವಿನ ಒಡತಿ ಹಿಂದಿನಿಂದ ಬಂದು ಕಟ್ಟೆಯ ಹೊರಗೆ ನಿಂತಿದ್ದರು. ದಿನಾ ಮಧ್ಯಾಹ್ನದ ಮೇಲೆ ಆ ಕಣದಲ್ಲಿ ಪಾರ್ಚ್‌ಮೆಂಟ್ ಎಳೆದು ಹರಡುವ ಕೆಲಸ ಅವರದೇ ಎಂದು ಆಮೇಲೆ ತಿಳಿಯಿತು. ಅವರು ರೈಟರನ್ನು ಬೇಡಿಕೊಳ್ಳುತ್ತಾರೆ ಎಂದು ನಾನು ಕಾದೆ. ಅವರು ಬೇಡಿಕೊಂಡದ್ದು ನನ್ನನ್ನು.

"ಬೇಡ ಡಾಕ್ಟ್ರಮ್ಮ. ಕಣ ಕೇಳ್ಬೇಡಿ. ಅದು ಆಗೋ ಮಾತಲ್ಲ. ಎಷ್ಟು ಜನ ಸೇರಿ ಕುಯ್ದ ಕಾಫಿ. ರೋಡಲ್ಲೇ ನೋಡಣ, ಕಲ್ಲು ಆರಿಸ್ತೀನಿ ನಾನು."

ಹೇಳಿ ತಿರುಗಿ ಹೊರಟೇಬಿಟ್ಟರು, ಕಲ್ಲು ಆರಿಸಲು.

ರೈಟರು ಅವರ ಬೆನ್ನನ್ನು ನೋಡುತ್ತಾ ನಿಂತರು. ಮೇಸ್ತ್ರಿಯತ್ತ ತಿರುಗಿ, ಬೈಯುವ ದನಿಯಲ್ಲಿ, "ನೋಡ್ಕೊಂಡು ನಿಂತಿದ್ಯಲ್ಲ ಮಾರಾಯ! ಆಳು ಕರಿ. ಈ ಕಡೆ ಅರ್ಧ ಎತ್ತಿ ಶೆಡ್ಡಿಗೆ ಹಾಕಿ, ಆ ಕಡೆ ಅರ್ಧಕ್ಕೆ ಟಾರ್ಪಾಲ್ ಎಳೀರಿ. ಗಾಳಿ ಯಾವ ಕಡೆಯಿಂದ ಬರುತ್ತೆ ನೋಡ್ಕೊಳ್ಳಿ" ಎಂದರು. ಮತ್ತೆ ನನ್ನತ್ತ, "ಧಣಿಗೆ ಉತ್ತರ ನಾನು ಹೇಳ್ಕೊಳ್ತೀನಿ. ನೀವು ಹಸು ನೋಡಿ" ಎಂದರು.

ಆ ಕಾಫಿಗೆ ಯಾವ ವಾಸನೆಯೂ ಹತ್ತಲಿಲ್ಲ ಎಂದು ನನಗೆ ಗೊತ್ತಾದದ್ದು ಎಷ್ಟೋ ದಿನಗಳ ನಂತರ. ಆವತ್ತು ಅದು ಯಾರಿಗೂ ಗೊತ್ತಿರಲಿಲ್ಲ, ರೈಟರಿಗಂತೂ ಗೊತ್ತಿರಲಿಲ್ಲ. ಆ ಮನುಷ್ಯನ ಮೇಲಿನ ನನ್ನ ಗೌರವಕ್ಕೆ ಅದೇ ಕಾರಣ.

ಕೊಯ್ಯುವ ಹೆಂಗಸರು ತೋಟದಿಂದ ಬಂದರು. ಮರದ ಗೋರುಮಣೆಗಳಲ್ಲಿ ಪಾರ್ಚ್‌ಮೆಂಟ್ ಎಳೆದು, ಕುಕ್ಕೆಗಳಲ್ಲಿ ತುಂಬಿ, ನಾನು ಹಗ್ಗ ಬಿಚ್ಚಿ ಸರಿಮಾಡುವುದರೊಳಗೆ ಕಣದ ಅರ್ಧ ಖಾಲಿ ಮಾಡಿದರು. ಯಾರೂ ಗೊಣಗಲಿಲ್ಲ. ಸಿಮೆಂಟು ಜಾರುತ್ತದೆಂದು ಗೋಣಿಚೀಲ ಹಾಸಿದೆವು, ಅದರ ಮೇಲೆ ಹುಲ್ಲು. ಹಸು ತಲೆ ತಗ್ಗಿಸಿ, ಮೆಲ್ಲಗೆ ದಿಬ್ಬ ಹತ್ತಿ ಬಂತು. ಕಟ್ಟೆಯ ಹತ್ತಿರ ಬಂದು ನಿಂತುಬಿಟ್ಟಿತು.

"ಅದಕ್ಕೂ ಗೊತ್ತು ನೋಡಿ, ಒಳಗೆ ಬಂದ್ರೆ ರೈಟ್ರು ಹೊಡೀತಾರೆ ಅಂತ" ಎಂದರು ಕಾಂಪೌಂಡರು.

"ಹತ್ತಿಸ್ರೀ" ಎಂದು ರೈಟರೇ ಹಿಂದಿನಿಂದ ತಳ್ಳಿದರು.

ಬಲ ಮಗ್ಗುಲಿಗೆ ಮಲಗಿಸಿದೆವು. ಮುಂಗಾಲು ಎರಡೂ ಸೇರಿಸಿ ಒಂದು ಹಗ್ಗ, ಹಿಂಗಾಲಿಗೆ ಇನ್ನೊಂದು. ಪ್ರತಿ ಹಗ್ಗಕ್ಕೆ ನಾಲ್ಕಾರು ಮಂದಿ. ತಲೆಯ ಹತ್ತಿರ ಒಡತಿ. ಉದ್ದನೆಯ ದಪ್ಪ ಹಲಗೆಯ ಒಂದು ತುದಿ ನೆಲಕ್ಕೆ, ನಡುಭಾಗ ಮೇಲಿನ ಹೊಟ್ಟೆಗೆ. ಹಸು ಕಾಲು ಮೇಲೆ ಮಾಡಿ ಬೆನ್ನಿನ ಮೇಲಿಂದ ಎಡ ಮಗ್ಗುಲಿಗೆ ಹೊರಳಬೇಕು. ಹಾಗೆ ಹೊರಳುವಾಗ ಒಬ್ಬರು ಹಲಗೆಯ ಮೇಲೆ ನಿಂತು, ಕರು ಅದರ ಜೊತೆ ಹೊರಳದಂತೆ ಭಾರ ಕೊಟ್ಟು, ಹೆಜ್ಜೆ ಸರಿಸುತ್ತಾ ಹೋಗಬೇಕು.

"ಹಲಗೆ ಮೇಲೆ ಯಾರು ನಿಲ್ತೀರಿ?" ಎಂದೆ.

ಹಗ್ಗ ಹಿಡಿಯಲು ಮುಗಿಬಿದ್ದಿದ್ದ ಜನ ಒಂದು ಹೆಜ್ಜೆ ಹಿಂದೆ ಸರಿದರು.

"ಹಸು ಮೇಲೆ ಕಾಲಿಡೋದಾ?" ಎಂದಳು ಒಬ್ಬಳು. "ಅದೂ ಗಬ್ಬದ ಹಸು!"

"ಹಲಗೆ ಇದೆಯಲ್ಲ ನಡುವೆ."

"ಹಲಗೆ ಇದ್ರೆ? ಕಾಲು ಕಾಲೇ ಅಲ್ವಾ?"

ಮೇಸ್ತ್ರಿ, "ಕೈಲಿ ಒತ್ತಿ ಹಿಡಿತೀವಿ ಮೇಡಂ. ಎಷ್ಟು ಬೇಕಾದ್ರೂ ಒತ್ತುತೀವಿ. ಕಾಲು ಮಾತ್ರ ಬೇಡ" ಎಂದರು. ನಾನು ಒಪ್ಪಿದೆ. ಇಬ್ಬರು ಗಟ್ಟಿ ಆಳುಗಳು ಹಲಗೆ ಒತ್ತಿದರು, ಉಳಿದವರು ಹಗ್ಗ ಎಳೆದರು. ಹಸು ಅರ್ಧ ಹೊರಳಿ ಬೆನ್ನಿನ ಮೇಲೆ ಬಂದಾಗ ನೋವಿಗೆ ನರಳಿತು. ಆ ನರಳಾಟಕ್ಕೆ ಹಗ್ಗದವರೆಲ್ಲ ಒಟ್ಟಿಗೇ, ಯಾರೂ ಹೇಳದೆ, ಎಳೆಯುವುದು ನಿಲ್ಲಿಸಿದರು. "ಅಯ್ಯೋ ಪಾಪ" ಎಂದು ಅದರ ಹೊಟ್ಟೆ ಸವರಿದರು ಕೂಡ. ಅಷ್ಟು ಹೊತ್ತು ಸಾಕಾಯಿತು, ಒಳಗಿನ ಕರು ಹಸುವಿನ ಜೊತೆಗೇ ಆರಾಮಾಗಿ ಹೊರಳಿಕೊಂಡಿತು. ಕೈ ಹಾಕಿ ನೋಡಿದೆ. ಮಡಿಕೆಗಳು ಇದ್ದಲ್ಲೇ ಇದ್ದವು.

ಮತ್ತೆ ಬಲ ಮಗ್ಗುಲಿಗೆ ತಂದು, ಈ ಸಲ ನಾನೇ ಹಲಗೆ ಹತ್ತಿದೆ. ಮೈಯಲ್ಲಿ ಭಾರವಿಲ್ಲ, ಕಾಲ ತುಂಬ ಸೋಪಿನ ನೀರು. ಹಸು ತಿರುಗುತ್ತಿದ್ದಂತೆ ಜಾರಿ ಗೋಣಿಚೀಲದ ಮೇಲೆ ಕುಂಡೆ ಊರಿ ಕೂತೆ. ಹೆಂಗಸರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ಕಾಂಪೌಂಡರು ಮಾತ್ರ ಮುಚ್ಚಿಕೊಳ್ಳಲಿಲ್ಲ.

"ಮೇಡಂ, ಉರುಳಿಸ್ಬೇಕಾಗಿದ್ದು ಹಸೂನ."

ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ಮತ್ತೆ ಕೈ ಒಳಗೆ ಹಾಕಿದಾಗ ನಗು ನಿಂತಿತು. ಗೊರಸು ಸಿಕ್ಕಿತು, ಹಿಸುಕಿದೆ. ಎಳೆದುಕೊಳ್ಳಲಿಲ್ಲ. ಜೋರಾಗಿ ಹಿಸುಕಿದೆ. ತುಂಬ ತಡವಾಗಿ, ಬಹಳ ನಿಧಾನವಾಗಿ ಅಲ್ಲಾಡಿತು. ಹಸುವಿನ ಒಸಡು ಬಿಳಿಚಿಕೊಳ್ಳುತ್ತಿತ್ತು.

ಕಾಂಪೌಂಡರು ಈ ಸಲ ತಮಾಷೆ ಮಾಡಲಿಲ್ಲ. "ಡಬ್ಬಿ ತೆಗೀಲಾ ಮೇಡಂ? ಹೊಟ್ಟೆ ಬೋಳಿಸ್ತೀನಿ" ಎಂದರು.

ಕಾಲೇಜಿನಲ್ಲಿ ಇಂಥ ಆಪರೇಷನ್ನಿಗೆ ಕೈ ಹಾಕಿದ್ದೆ, ಆದರೆ ಪಕ್ಕದಲ್ಲಿ ಹಿರಿಯರಿದ್ದರು. ಚಾಕು ಹಿಡಿದರೆ ನಾನು ಡಾಕ್ಟರಾಗಿ ಕಾಣುತ್ತೇನೆ, ಯಾರೂ ನಗುವುದಿಲ್ಲ. ಆದರೆ ಕಾಣುವುದಕ್ಕಾಗಿ ಚಾಕು ಹಿಡಿಯಬಾರದು. ತಿರುಚಿಕೊಂಡದ್ದು ಬಲಕ್ಕೆ ಎಂದು ನನ್ನ ಕೈ ಹೇಳಿತ್ತು, ಕ್ರಮ ಸರಿಯಾಗಿಯೇ ಇತ್ತು. ಸೋತದ್ದು ಭಾರದಲ್ಲಿ ಮಾತ್ರ.

"ಇನ್ನೊಂದು ಸಲ ಉರುಳಿಸೋಣ" ಎಂದೆ. "ಇದು ಕೊನೇದು. ಭಾರ ಇರೋರು ಹಲಗೆ ಮೇಲೆ ನಿಲ್ಲಲೇಬೇಕು. ನಿಲ್ಲದಿದ್ರೆ ಹೊಟ್ಟೆ ಸೀಳ್ತೀನಿ, ಆಗ ಎರಡೂ ಉಳಿಯುತ್ತೆ ಅಂತ ನಾನು ಹೇಳಲ್ಲ."

ಯಾರೂ ಕದಲಲಿಲ್ಲ. ಅವರನ್ನು ನಾನು ಈಗಲೂ ದೂರುವುದಿಲ್ಲ. ಬೆಳಗ್ಗೆ ಎದ್ದು ಹಸುವಿನ ಹಣೆ ಮುಟ್ಟಿ ಕಣ್ಣಿಗೊತ್ತಿಕೊಳ್ಳುವ ಜನ ಅವರು.

ತಲೆಯ ಬಳಿ ಕೂತಿದ್ದ ಒಡತಿ ಎದ್ದರು. ಸೊಂಟದ ಕೊಯ್ಲಿನ ಚೀಲ ಬಿಚ್ಚಿ ಬದಿಗಿಟ್ಟರು. ಹಸುವಿನ ಹೊಟ್ಟೆ ಮುಟ್ಟಿ ಕೈಯನ್ನು ಕಣ್ಣಿಗೊತ್ತಿಕೊಂಡು ಹಲಗೆ ಹತ್ತಿದರು. ನಿಂತು, ರೈಟರ ಕಡೆ ಕೈ ಚಾಚಿದರು.

"ಬನ್ನಿ ರೈಟ್ರೇ. ನೀವು ಹತ್ತಿದ್ರೆ ನಾಲ್ಕು ಆಳಿನ ಭಾರ. ಪಾಪ ಬಂದ್ರೆ ಇಬ್ರೂ ಹಂಚ್ಕೊಳ್ಳಣ."

ರೈಟರು ಸುತ್ತ ನೋಡಿದರು. ಹಗ್ಗ ಹಿಡಿದ ಹೆಂಗಸರು ಅವರನ್ನೇ ನೋಡುತ್ತಿದ್ದರು.

"ಹಂಚ್ಕೊಳ್ಳೋದಾದ್ರೆ ಸರಿಯಾಗಿ ಹಂಚ್ಕೋಬೇಕು ಮಾರಾಯ್ತಿ, ಆಮೇಲೆ ರೈಟ್ರಿಗೆ ಜಾಸ್ತಿ ಅನ್ಬೇಡ" ಎಂದರು. ಹಸುವಿನ ಬೆನ್ನು ಮುಟ್ಟಿ ನಮಸ್ಕರಿಸಿ, ಆಕೆಯ ಕೈ ಹಿಡಿದು ಹಲಗೆ ಹತ್ತಿದರು. ಹಲಗೆ ಕಿರ್ರೆಂದಿತು. ಇಬ್ಬರೂ ಒಬ್ಬರ ಹೆಗಲನ್ನೊಬ್ಬರು ಹಿಡಿದು ನಿಂತರು.

ನಾನು ಹಸುವಿನ ಹಿಂದೆ ಮಂಡಿಯೂರಿದೆ. "ಹಸು ನರಳಿದ್ರೆ ನಿಲ್ಲಿಸ್ಬಾರ್ದು. ನಾನು ಸಾಕು ಅಂದ್ರೆ ಮಾತ್ರ ಸಾಕು."

ಮೇಸ್ತ್ರಿ ಕೂಗು ಕೊಟ್ಟರು. ತೋಟದಲ್ಲಿ ನೆರಳಿಗೆ ಬೆಳೆಸಿದ ಸಿಲ್ವರ್ ಮರ ಮುರಿದು ಬಿದ್ದರೆ ಎಳೆಯುವಾಗ ಕೊಡುತ್ತಾರಲ್ಲ, ಆ ಕೂಗು. ಹಗ್ಗಗಳು ಬಿಗಿದವು. ನಾಲ್ಕು ಕಾಲೂ ಮೇಲಕ್ಕೆ ಎದ್ದವು. ಹಸು ನರಳಿತು, ಯಾರೂ ನಿಲ್ಲಿಸಲಿಲ್ಲ. ಕೆಲವರು ಅಳುತ್ತಲೇ ಎಳೆದರು. ಹಲಗೆಯ ಮೇಲೆ ಆ ಇಬ್ಬರು ಸಣ್ಣ ಸಣ್ಣ ಹೆಜ್ಜೆಯಿಡುತ್ತಾ, ಹೊರಳುವ ಹೊಟ್ಟೆಯ ಮೇಲೆ ಭಾರ ತಪ್ಪಿಸದೆ ಸರಿದರು. ಹಸು ದಡಕ್ಕನೆ ಎಡ ಮಗ್ಗುಲಿಗೆ ಬಿತ್ತು.

ಕೈ ಹಾಕಬೇಕಾಗಲಿಲ್ಲ. ನೀರು ತಾನಾಗಿಯೇ ಒಡೆದು ನನ್ನ ಮಡಿಲ ತುಂಬ ಸುರಿಯಿತು.

"ಬಿಟ್ಟಿತು!" ಎಂದು ಕೂಗಿದೆ. ಕೈ ಹಾಕಿದರೆ ಮಡಿಕೆಗಳಿಲ್ಲ, ದಾರಿ ನೆಟ್ಟಗೆ ತೆರೆದಿತ್ತು. ಎರಡು ಮುಂಗಾಲು ಸಿಕ್ಕವು. ತಲೆ ಮಾತ್ರ ಪಕ್ಕಕ್ಕೆ ಮಡಚಿಕೊಂಡಿತ್ತು. ಕರುವಿನ ಎದೆಯನ್ನು ಹಿಂದಕ್ಕೆ ದೂಡಿ, ಕೆಳದವಡೆಗೆ ಬೆರಳು ಸಿಕ್ಕಿಸಿ ಮೂತಿಯನ್ನು ದಾರಿಗೆ ತಂದೆ. ಹೆಬ್ಬೆರಳು ಮರಗಟ್ಟಿತು. ಗೊರಸಿನ ಮೇಲ್ಗಡೆ ಹಗ್ಗ ಕಟ್ಟಿ, ಒಳಗೆಲ್ಲ ಎಣ್ಣೆ ಸುರಿದು, ಹಸು ಮುಕ್ಕಿದಾಗ ಮಾತ್ರ ಎಳೆಯಿರಿ ಎಂದೆ. ಅದು ಮುಕ್ಕಿತು, ನಾವು ಎಳೆದೆವು. ಅದು ಬಿಟ್ಟಿತು, ನಾವು ಕಾದೆವು. ಹಣೆ ಬಂತು, ಹೆಗಲು ಬಂತು, ಆಮೇಲೆ ಇಡೀ ಕರು ಜಾರಿ ಗೋಣಿಚೀಲದ ಮೇಲೆ ಬಿತ್ತು.

ಉಸಿರಿರಲಿಲ್ಲ. ಎದೆಗೆ ಕೈಯಿಟ್ಟೆ, ಬಡಿತವಿತ್ತು. ಮೂಗು ಬಾಯಿಯ ಲೋಳೆ ಒರೆಸಿ, ಮಂಡಿನೋವಿನ ಕಾಂಪೌಂಡರೂ ನಾನೂ ಹಿಂಗಾಲು ಹಿಡಿದು ತಲೆಕೆಳಗು ಮಾಡಿ ಎತ್ತಿದೆವು. ಲೋಳೆ ಇಳಿಯಿತು. ಮಲಗಿಸಿ ಎದೆ ಉಜ್ಜಿದೆ. ಕಿವಿಗೆ ತಣ್ಣೀರು ಹಾಕಿದೆ. ಏನೂ ಇಲ್ಲ. ಹುಲ್ಲಿನ ಕಡ್ಡಿಯೊಂದನ್ನು ಮೂಗಿನೊಳಗೆ ತೂರಿಸಿ ತಿರುಗಿಸಿದೆ.

ಕರು ಸೀನಿತು.

ಇನ್ನೊಮ್ಮೆ ಸೀನಿ, ತಲೆ ಒದರಿ, ರೈಟರ ಬಿಳಿ ಅಂಗಿಗೆ ಲೋಳೆ ಸಿಡಿಸಿತು. ಅವರು ಒರೆಸಿಕೊಳ್ಳಲೂ ಇಲ್ಲ. "ಹೆಣ್ಣುಗರು" ಎಂದಷ್ಟೇ ಹೇಳಿದರು, ತಾವೇ ಹೆತ್ತವರ ಹಾಗೆ.

ಒಡತಿ ಕರುವಿನ ಹತ್ತಿರ ಬರಲಿಲ್ಲ. ಹಸುವಿನ ಕೊರಳಿಗೆ ಹಣೆ ಹಚ್ಚಿ ಕೂತಿದ್ದರು. "ಬದುಕಲ್ಲ ಅಂದಿದ್ರು ನಿನ್ನ, ಕೇಳ್ತಾ? ಬದುಕಲ್ಲ ಅಂದಿದ್ರು" ಎಂದು ಅದರ ಕಿವಿಯಲ್ಲಿ 'ಚಾಡಿ' ಹೇಳುತ್ತಿದ್ದರು.

ಸಲೈನು ಹಾಕಿದೆ, ಕ್ಯಾಲ್ಸಿಯಂ ಕೊಟ್ಟೆ. ಒಳಗೆ ಎಲ್ಲೂ ಹರಿದಿಲ್ಲ ಎಂದು ಮತ್ತೆ ಕೈಹಾಕಿ ಖಾತ್ರಿ ಮಾಡಿಕೊಂಡೆ. ಕರುವನ್ನು ಮುಂದಕ್ಕೆ ಎಳೆದು ಹಾಕಿದಾಗ ಹಸು ನೆಕ್ಕತೊಡಗಿತು. ಸ್ವಲ್ಪ ಹೊತ್ತಿಗೆ ಹಿಂಗಾಲು ಊರಿ, ತಡವರಿಸಿ, ಎದ್ದು ನಿಂತಿತು. ಸುತ್ತ ಹುಲ್ಲು, ಹಗ್ಗ, ರಕ್ತದ ನೀರು. ಆ ಕಣ ಹುಟ್ಟಿದಾಗಿನಿಂದ ಅಷ್ಟು ಹೊಲಸಾಗಿ ಇದ್ದಿರಲಾರದು.

ಆಗಲೇ ಧಣಿಗಳ ಕಾರು ಬಂತು.

ಹಗ್ಗ ಸುತ್ತುತ್ತಿದ್ದವರು ಅಲ್ಲಲ್ಲೇ ನಿಂತರು. ಧಣಿಗಳು ಇಳಿದು, ಕಣದ ಮಧ್ಯೆ ನಿಂತ ಹಸುವನ್ನು ನೋಡಿದರು. ಟಾರ್ಪಾಲ್ ಹೊದ್ದ ಪಾರ್ಚ್‌ಮೆಂಟ್ ನೋಡಿದರು. ಅಂಗಿಯ ತುಂಬ ಲೋಳೆ ಮೆತ್ತಿಕೊಂಡ ರೈಟರನ್ನು ನೋಡಿದರು. ನೆಟ್ಟಗೆ ಕಣದತ್ತ ನಡೆದು ಬಂದರು. ರೈಟರು ಕೈಕಟ್ಟಿಕೊಂಡು ಎದುರಿಗೆ ಹೋದರು. ಅವರು ಮೊದಲು ಏನು ಹೇಳುತ್ತಾರೋ, ಹೇಗೆ ಶುರು ಮಾಡುತ್ತಾರೋ ಎಂದು ಕಿವಿಗೊಟ್ಟೆ. ಬೇಕಾದರೆ ತಪ್ಪೆಲ್ಲ ನನ್ನದೇ ಎನ್ನಲು ನಾನೂ ತಯಾರಾಗಿ ನಿಂತೆ.

ಧಣಿಗಳು ಕಟ್ಟೆ ಹತ್ತಲು ಕಾಲೆತ್ತಿದರು.

"ಧಣಿ," ಎಂದರು ರೈಟರು. "ಶೂ."

ಹಸು ಅದೇ ಹೊತ್ತಿಗೆ ಬಾಲ ಎತ್ತಿ, ಕಣದ ನಟ್ಟನಡುವೆ ಸಗಣಿ ಹಾಕಿತು.

ಧಣಿಗಳು ಸಗಣಿ ನೋಡಿದರು. ತಮ್ಮ ಶೂ ನೋಡಿಕೊಂಡರು. ಆಮೇಲೆ ರೈಟರ ಮುಖವನ್ನೇ ಸ್ವಲ್ಪ ಹೊತ್ತು ನೋಡಿದರು. ಆ ಮುಖದಲ್ಲಿ ಒಂದಿಷ್ಟೂ ತಮಾಷೆ ಇರಲಿಲ್ಲ.

ಧಣಿಗಳು ಕಟ್ಟೆಯ ಮೇಲೆ ಕೂತು, ಲೇಸು ಬಿಚ್ಚಿ, ಶೂಗಳನ್ನು ನನ್ನ ಗಂಬೂಟಿನ ಪಕ್ಕದಲ್ಲಿ ಜೋಡಿಸಿಟ್ಟು, ಬರಿಗಾಲಲ್ಲಿ ಕರು ನೋಡಲು ಒಳಗೆ ಬಂದರು.